ಹತ್ತನೇ ಕುಂಡದ ಮೊಗ್ಗು

ಫೆಬ್ರವರಿ 3

ಇವತ್ತಿನಿಂದ ನಾನು ಮೂಕಿ. ಗಂಟಲಿನ ಡಾಕ್ಟರು ಮೂಗಿನಿಂದ ಕ್ಯಾಮೆರಾ ಇಳಿಸಿ ನೋಡಿ, ಧ್ವನಿ ಹೊರಡುವ ಜಾಗದಲ್ಲಿ ಎರಡು ಗಂಟುಗಳಿವೆ ಎಂದರು. ಅಕ್ಕಿಕಾಳಿನಷ್ಟು.

"ಎಷ್ಟು ವರ್ಷದಿಂದ ಪಾಠ ಮಾಡ್ತಿದ್ದೀರಿ?"

"ಇಪ್ಪತ್ತನಾಲ್ಕು."

"ಮೈಕ್ ಇರಲಿಲ್ವಾ?"

"ನನಗ್ಯಾಕೆ ಮೈಕು?" ಎಂದೆ, ಹೆಮ್ಮೆಯಿಂದಲೇ. ಅದೇ ಕೊನೆಯ ಮಾತು. ನಾಲ್ಕು ವಾರ ಒಂದಕ್ಷರ ಆಡುವಂತಿಲ್ಲ. ಪಿಸುಮಾತು ಇನ್ನೂ ಕೆಟ್ಟದ್ದಂತೆ. ಆಮೇಲೆ ದಿನಕ್ಕೆ ಐದು ನಿಮಿಷ. ಕಾಲೇಜಿಗೆ ಆರು ವಾರ ರಜೆ. ನನ್ನ ಕವಿತೆಯ ತರಗತಿಗಳನ್ನು ಹೊಸದಾಗಿ ಸೇರಿದ ಹುಡುಗಿಯೊಬ್ಬಳು ತೆಗೆದುಕೊಳ್ಳುತ್ತಾಳೆ. ಅವಳು ಕವಿತೆಯನ್ನು ವರದಿಯಂತೆ ಓದುತ್ತಾಳೆ ಎಂದು ಕೇಳಿದ್ದೇನೆ. ನಲವತ್ತೆರಡು ದಿನ. ಕ್ಯಾಲೆಂಡರಿನಲ್ಲಿ ಗೀಟು ಹಾಕಿಕೊಂಡಿದ್ದೇನೆ.

ಮನೆಗೆ ಬರುವಾಗ ಇವರು, ನನ್ನ ಗಂಡ, ತುಂಬಾ ನೊಂದ ಮುಖ ಮಾಡಿಕೊಂಡು ಕಾರು ಓಡಿಸಿದರು. ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ಮೈಮರೆತು ಸಿಳ್ಳೆ ಹಾಕಿದರು.

ಫೆಬ್ರವರಿ 4

ನಮ್ಮ ಮನೆಯ ಇನ್ನೊಂದು ತೊಡಕನ್ನು ಡಾಕ್ಟರಿಗೆ ಹೇಳಿರಲಿಲ್ಲ. ಹತ್ತು ದಿನದ ಹಿಂದೆ ಅತ್ತೆಯ ಬಲಗಣ್ಣಿನ ಪೊರೆ ತೆಗೆದರು. ಒಳಗೆ ಊತ ಬಂತು. ಈಗ ಆ ಕಣ್ಣಿಗೆ ಪಟ್ಟಿ ಕಟ್ಟಿ ಮೇಲೊಂದು ಪ್ಲಾಸ್ಟಿಕ್ ಮುಚ್ಚಳ ಅಂಟಿಸಿದ್ದಾರೆ, ಮಾರ್ಚ್ ಮಧ್ಯದ ತನಕ. ಎಡಗಣ್ಣಿನಲ್ಲಿ ಇನ್ನೂ ತೆಗೆಯದ ದಪ್ಪ ಪೊರೆ. ಬಾಗಿಲು ಯಾವುದು, ಮನುಷ್ಯ ಯಾವುದು ಎಂದು ತಿಳಿಯುತ್ತದೆ, ಅಕ್ಷರ ತಿಳಿಯುವುದಿಲ್ಲ.

ನಾನು ದೊಡ್ಡ ಸ್ಲೇಟು ಕೊಂಡು ತಂದು "ಟೀ ಬೇಕಾ?" ಎಂದು ಬರೆದು ಅವರ ಮುಂದೆ ಹಿಡಿದೆ. ಅದರ ಅಂಚನ್ನು ಮುಟ್ಟಿ ನೋಡಿ, "ಇದೇನು, ಟೀ ಟ್ರೇಯಾ? ಅದರ ಮೇಲೆ ಏನೂ ಇಲ್ವಲ್ಲ" ಎಂದರು.

ನಾನು ಬರೆದದ್ದನ್ನು ಅವರು ಓದಲಾರರು. ಅವರು ಕೇಳಿದ್ದಕ್ಕೆ ನಾನು ಉತ್ತರಿಸಲಾರೆ. ಹಗಲೆಲ್ಲ ಮನೆಯಲ್ಲಿ ನಾವಿಬ್ಬರೇ.

ಉಪಾಯ ಹುಡುಕಿದವರು ಅತ್ತೆಯೇ. "ಒಂದು ಚಪ್ಪಾಳೆ ಅಂದ್ರೆ ಹೌದು, ಎರಡು ಅಂದ್ರೆ ಇಲ್ಲ. ಸರಿನಾ, ಪ್ರೊಫೆಸರಮ್ಮಾ?"

ಒಂದು ಚಪ್ಪಾಳೆ ಹೊಡೆದೆ.

"ಮೂರು ಹೊಡೆದ್ರೆ?" ಎಂದು ಇವರು ಪೇಪರಿನ ಹಿಂದಿನಿಂದ ಕೇಳಿದರು. "ಎಲ್ಲರೂ ಬಾಯಿ ಮುಚ್ಚಿ ಅಂತ ಇಟ್ಟುಕೊಳ್ಳೋಣ."

ಮೂರು ಹೊಡೆದೆ.

ಫೆಬ್ರವರಿ 6

ಅತ್ತೆ ಬಗ್ಗುವಂತಿಲ್ಲ, ಧೂಳು ತಾಗಬಾರದು. ಹಾಗಾಗಿ ಬಾಲ್ಕನಿಯ ದಾಸವಾಳಗಳು ನನ್ನ ತಲೆಗೆ ಬಂದವು. ಕುಂಡಗಳು ಹದಿನಾಲ್ಕು. ಎರಡು ವರ್ಷದ ಹಿಂದೆ ನಮ್ಮಲ್ಲಿಗೆ ಬಂದಾಗ ಅವರ ಸಾಮಾನೆಂದರೆ ಒಂದು ಪೆಟ್ಟಿಗೆ, ಒಂದು ಚೀಲ, ಒಂಬತ್ತು ದಾಸವಾಳ. ಉಳಿದ ಐದು ಇಲ್ಲೇ ಹುಟ್ಟಿದವು. ಈ ಬಾಲ್ಕನಿಯಲ್ಲಿ ನನ್ನದೊಂದು ಬೆತ್ತದ ಕುರ್ಚಿ ಇತ್ತು, ಸಂಜೆ ಓದಿಕೊಳ್ಳಲು. ಈಗದು ಬಟ್ಟೆ ಒಣಗಿಸುವ ಕೋಣೆಯಲ್ಲಿದೆ. ಈ ವಿಷಯವನ್ನು ನಾನು ಯಾರ ಹತ್ತಿರವೂ ಆಡಿಲ್ಲ. ಇವರ ಹತ್ತಿರ ನಾಲ್ಕೈದು ಸಲ ಆಡಿದ್ದೇನೆ, ಅಷ್ಟೇ.

ಅತ್ತೆ ಬಾಗಿಲಿನ ಒಳಗೆ ಕುರ್ಚಿ ಹಾಕಿಕೊಂಡು ಕೂತರು. ನಾನು ಮೊಣಕಾಲೂರಿ ಕುಂಡದಿಂದ ಕುಂಡಕ್ಕೆ ಸರಿದೆ.

"ಎರಡನೇದಕ್ಕೆ ಬೆರಳು ಹಾಕಿ ನೋಡು. ಮಣ್ಣು ಅಂಟುತ್ತಾ?"

ಒಂದು ಚಪ್ಪಾಳೆ. ಮಣ್ಣು ನನ್ನ ಮುಖಕ್ಕೆ ಹಾರಿತು.

"ಹಾಗಾದ್ರೆ ನೀರು ಬೇಡ. ಮುಂದಕ್ಕೆ ಹೋಗು."

ಹತ್ತನೆಯದರ ಹತ್ತಿರ ಬಂದಾಗ ಅವರ ದನಿ ಬದಲಾಯಿತು. "ಉಳಿದದ್ದೆಲ್ಲ ಕಡ್ಡಿ ನೆಟ್ಟು ಬಂದವು. ತಾಯಿ ಹೇಗೋ ಮಗಳೂ ಹಾಗೇ. ಇದು ಬೀಜದ್ದು. ಹಳದಿ ಹೂವಿಗೆ ಕಂದು ಹೂವಿನ ಪರಾಗ ನಾನೇ ಮುಟ್ಟಿಸಿದ್ದೆ. ಎಂಟು ಬೀಜ ಹಾಕಿದೆ, ಎರಡು ಮೊಳೀತು, ಒಂದು ಉಳೀತು. ಒಂದೂವರೆ ವರ್ಷ ಆಯ್ತು ಕಣೇ. ಈಗ ಮೊದಲ ಸಲ ಮೊಗ್ಗು ಬಂದಿದೆ ಅಂತ ಕೈಗೆ ಗೊತ್ತಾಯ್ತು. ಎಷ್ಟಿದೆ?"

ಆರು ಚಪ್ಪಾಳೆ ಹೊಡೆದೆ. ಇವರು ಒಳಗಿನಿಂದ "ಏನು, ಸಂಗೀತ ಕಛೇರಿ ನಡೀತಿದೆಯಾ?" ಎಂದು ಕೂಗಿದರು.

"ಅದರ ಬಣ್ಣ ಏನು ಅಂತ ಈ ಭೂಮಿ ಮೇಲೆ ಯಾರಿಗೂ ಗೊತ್ತಿಲ್ಲ" ಎಂದರು ಅತ್ತೆ. "ಚಿನ್ನದ ಬಣ್ಣ ಬರಲಿ ಅಂತ ನನ್ನಾಸೆ. ಬೆಳಗ್ಗೆ ಅರಳಿ ಸಂಜೆಗೆ ಮುಗಿದು ಹೋಗುತ್ತೆ. ಅದರೊಳಗೆ ನೋಡಬೇಕು."

ಫೆಬ್ರವರಿ 10

ಇಪ್ಪತ್ತನಾಲ್ಕು ವರ್ಷ ಹೂವಿನ ಕವಿತೆಗಳನ್ನು ಕಲಿಸಿದ್ದೇನೆ. ಮೊಗ್ಗು ಎಂಬ ಪ್ರತೀಕದ ಮೇಲೆ ಒಂದು ಗಂಟೆ ನಿಲ್ಲದೆ ಮಾತಾಡಬಲ್ಲೆ, ಆಡಿದ್ದೇನೆ ಕೂಡ. ದಾಸವಾಳದ ಮೊಗ್ಗಿನ ಬುಡದಲ್ಲಿ ಹಸಿರು ಬಟ್ಟಲಿನ ಹೊರಗೆ ಇನ್ನೊಂದು ಸುತ್ತು ಸಣ್ಣ ಹಸಿರು ಕಡ್ಡಿಗಳು ಬೇಲಿಯಂತೆ ನಿಂತಿರುತ್ತವೆ ಎಂಬುದು ಇವತ್ತು ಗೊತ್ತಾಯಿತು. ಬಾಡಿದ ಹೂವು ಎಸಳುದುರಿಸುವುದಿಲ್ಲ. ಒದ್ದೆ ಛತ್ರಿ ಮಡಿಸಿದ ಹಾಗೆ ತನ್ನನ್ನು ತಾನೇ ಸುತ್ತಿಕೊಂಡು ಇಡಿಯಾಗಿ ಬೀಳುತ್ತದೆ.

ನನ್ನ ಬದಲಿಗೆ ಪಾಠ ಮಾಡುವ ಆ ಹುಡುಗಿ ಫೋನಿನಲ್ಲಿ ಸಂದೇಶ ಕಳಿಸಿದ್ದಳು: ಮೂರನೇ ಘಟಕ ಮುಗಿಸಿದ್ದಾಳಂತೆ. ನನಗೆ ಅದಕ್ಕೆ ಐದು ವಾರ ಬೇಕಾಗುತ್ತಿತ್ತು. "ಬಹಳ ಬೇಗ ಆಯಿತು" ಎಂದು ಬರೆದೆ. ಅದರಲ್ಲಿದ್ದ ಚುಚ್ಚು ಅವಳಿಗೆ ನಾಟಿದಂತಿಲ್ಲ, ಧನ್ಯವಾದ ಎಂದಳು.

ಫೆಬ್ರವರಿ 15

ಹತ್ತನೇ ಕುಂಡದ ಚಿಗುರಿನ ಸಂದಿಯಲ್ಲಿ ಬಿಳಿಯದೇನೋ ಹಿಟ್ಟು ಚೆಲ್ಲಿದಂತೆ ಕಂಡಿತು. ಒಂದು ಎಲೆ ಕಿತ್ತು ಅತ್ತೆಯ ಬೆರಳಿಗೆ ಮುಟ್ಟಿಸಿದೆ. ಉಜ್ಜಿ ನೋಡಿ ಹುಬ್ಬು ಗಂಟಿಕ್ಕಿದರು. "ಹಿಟ್ಟು ತಿಗಣೆ. ರಸ ಹೀರಿಬಿಡುತ್ತೆ. ಪಾತ್ರೆ ತೊಳೆಯೋ ಸೋಪಿನ ನೀರು ಹೊಡಿ. ಎರಡು ಚಮಚ ಸೋಪು."

ಎಷ್ಟು ನೀರಿಗೆ? ಯಾವ ಹೊತ್ತಿನಲ್ಲಿ? ಕೇಳುವುದು ಹೇಗೆ? ಹೌದು ಮತ್ತು ಇಲ್ಲ ಬಿಟ್ಟರೆ ನಮ್ಮ ಭಾಷೆಯಲ್ಲಿ ಬೇರೆ ಪದವಿಲ್ಲ. ಸ್ಪ್ರೇ ಬಾಟಲಿಯನ್ನು ಅವರ ಕೈಗೆ ಕೊಟ್ಟು ಪ್ರಶ್ನೆಯಂತೆ ತಟ್ಟಿದೆ. "ಹೌದು, ಅದರಲ್ಲೇ ಹೊಡಿ" ಎಂದರು. ಇವರಿಗೆ ಫೋನಿನಲ್ಲಿ "ಎರಡು ಚಮಚ ಎಷ್ಟು ನೀರಿಗೆ, ಅಮ್ಮನನ್ನು ಕೇಳಿ ಹೇಳಿ" ಎಂದು ಬರೆದೆ. ಅರ್ಧ ಗಂಟೆ ಕಾದೆ. ತಿಗಣೆಗಳು ಕಾಯುವಂತೆ ಕಾಣಲಿಲ್ಲ. ಮಧ್ಯಾಹ್ನ ಒಂದು ಗಂಟೆಯ ಬಿಸಿಲಿನಲ್ಲಿ ಬಾಟಲಿ ಖಾಲಿಯಾಗುವ ತನಕ ಹೊಡೆದೆ. ಗಿಡ ಪಳಪಳ ಹೊಳೆಯಿತು. ಬಹಳ ತೃಪ್ತಿಯಾಯಿತು.

ಇವರ ಉತ್ತರ ಐದೂವರೆಗೆ ಬಂತು: "ಈಗ ನೋಡಿದೆ, ಮೀಟಿಂಗಲ್ಲಿದ್ದೆ. ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ಬಕೆಟ್ಟಿಗಂತೆ. ಬಿಸಿಲು ಇಳಿದ ಮೇಲಂತೆ. ಆಮೇಲೆ ತೊಳೀಬೇಕಂತೆ."

ಫೆಬ್ರವರಿ 17

ಎಲೆಗಳ ಅಂಚು ಕಂದಿದೆ. ಮೂರು ಮೊಗ್ಗು ಬಿದ್ದವು.

ಫೆಬ್ರವರಿ 18

ಇನ್ನೂ ಎರಡು.

ಬೆಳಗ್ಗೆಯಿಂದ ಒಂದು ವಿಚಾರ ತಲೆಯಲ್ಲಿ ಸುತ್ತುತ್ತಿತ್ತು. ಅವರಿಗೆ ಕಾಣುವುದಿಲ್ಲ. ನನಗೆ ಮಾತಿಲ್ಲ. ಸುಳ್ಳು ಹೇಳುವ ಕಷ್ಟವೂ ಇಲ್ಲ, ಸುಮ್ಮನಿದ್ದರೆ ಸಾಕು. ಮೊಗ್ಗು ತಾನಾಗಿ ಉದುರುವುದೂ ಉಂಟು ಎಂದು ಅವರೇ ಒಮ್ಮೆ ಹೇಳಿದ್ದರು.

ಹನ್ನೊಂದು ಗಂಟೆಗೆ ಹೋಗಿ ಅವರ ಅಂಗೈ ಬಿಡಿಸಿ, ಬಿದ್ದ ಮೊಗ್ಗುಗಳನ್ನು ಒಂದೊಂದಾಗಿ ಇಟ್ಟೆ. ಐದು. ಅವರು ಹೆಬ್ಬೆರಳಿನಿಂದ ಸವರಿದರು. ಅವು ಯಾವುವು ಎಂದು ತಿಳಿಯಲು ಅವರಿಗೆ ಕಣ್ಣು ಬೇಕಿರಲಿಲ್ಲ.

"ಹತ್ತನೇದಾ?"

ಒಂದು ಚಪ್ಪಾಳೆ.

"ಸೋಪಾ?"

ಒಂದು ಚಪ್ಪಾಳೆ. ಬಾಟಲಿ ತಂದು ಇನ್ನೊಂದು ಕೈಗೆ ಕೊಟ್ಟೆ.

"ಇಷ್ಟು ನೀರಿಗೇ ಎರಡು ಚಮಚಾನಾ? ಅಯ್ಯೋ, ಪಾತ್ರೆ ತೊಳೆದ ಹಾಗೆ ತೊಳೆದೆಯಲ್ಲೇ ನನ್ನ ಗಿಡಾನ!" ಬೈಗುಳಕ್ಕೆ ನಾನು ಸಿದ್ಧಳಾಗಿ ನಿಂತೆ. ಮದುವೆಯಾದ ಹೊಸದರಲ್ಲಿ ಒಂದು ಜಾಡಿ ಒಡೆದದ್ದಕ್ಕೆ ಒಂದು ವಾರ ಮಾತು ಬಿಟ್ಟವರು.

"ಒಂದು ಉಳಿದಿದೆ ತಾನೇ?"

ಒಂದು ಚಪ್ಪಾಳೆ.

"ಹಾಗಾದ್ರೆ ಅಳಬೇಡ. ಹೋಗಿ ಎಲೆಗೆ ಎರಡೂ ಕಡೆ ತಣ್ಣೀರು ಹೊಡಿ. ಮೂಗು ಸುರ್ ಸುರ್ ಅನ್ನಿಸೋದಕ್ಕೆ ಡಾಕ್ಟರು ಪರವಾನಗಿ ಕೊಟ್ಟಿದ್ದಾರಾ?"

ನಾನು ಅಳುತ್ತಿರಲಿಲ್ಲ. ಶೀತವಾಗಿತ್ತು.

ಫೆಬ್ರವರಿ 22

ಮೊಗ್ಗು ಇದೆ. ಬಟಾಣಿಯಷ್ಟು.

ಫೆಬ್ರವರಿ 23

ಇದೆ.

ಫೆಬ್ರವರಿ 25

ಇದೆ. ಈಗ ಬೆಳಗ್ಗೆ ಎದ್ದು ಮುಖ ತೊಳೆಯುವ ಮೊದಲೇ ನೋಡಿಬಿಡುತ್ತೇನೆ, ಆಮೇಲೆ ಟೀ ರುಚಿಸುತ್ತದೆ. ಅತ್ತೆ ಹಾಸಿಗೆಯಿಂದಲೇ ಕೂಗುತ್ತಾರೆ: "ಇದೆಯಾ?" ನಾನು ಬಾಲ್ಕನಿಯಿಂದ ಚಪ್ಪಾಳೆ ಹೊಡೆಯುತ್ತೇನೆ. ಎದುರು ಮನೆಯವರು ದಿನಾ ಪರದೆ ಸರಿಸಿ ನೋಡುತ್ತಾರೆ.

ತಿಗಣೆಗಳನ್ನು ಒದ್ದೆ ಹತ್ತಿಯಿಂದ ಒಂದೊಂದಾಗಿ ಒರೆಸುತ್ತಿದ್ದೇನೆ. ಎರಡು ಗಂಟೆ ಹಿಡಿಯುವ ಕೆಲಸ. ಮಗುಚಿದ ಬಕೆಟ್ಟಿನ ಮೇಲೆ ಕೂತು ಮಾಡಿದರೆ ಸೊಂಟ ನೋಯುವುದಿಲ್ಲ. ನಾನು ಒರೆಸುವಾಗ ಅತ್ತೆ ಮಾತಾಡುತ್ತಾರೆ. ಹನ್ನೆರಡು ವರ್ಷ ಒಂದು ಬಟ್ಟೆ ಗಿರಣಿಯ ಬಣ್ಣದ ವಿಭಾಗದಲ್ಲಿ ಕೆಲಸ ಮಾಡಿದ್ದರಂತೆ. ಬರೇ ಕಣ್ಣಳತೆಯಲ್ಲಿ ಬಣ್ಣ ಬೆರೆಸುತ್ತಿದ್ದರಂತೆ, ಒಂದು ಥಾನು ಬಟ್ಟೆ ಕೂಡ ವಾಪಸ್ಸು ಬಂದದ್ದಿಲ್ಲವಂತೆ. ಇಷ್ಟು ವರ್ಷ ಇದು ನನಗೆ ಗೊತ್ತಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಲು ಬಾಯಿಲ್ಲ. ಅವರೇ ಹೇಳಿದರು: "ನೀನು ಮಾತಾಡೋವಾಗ ನಡುವೆ ಬಾಯಿ ಹಾಕೋಕೆ ಜಾಗ ಎಲ್ಲಿರುತ್ತೆ?"

ಮಾರ್ಚ್ 1

ಅತ್ತೆಯ ಗಿಡಗಳಿಗೆ ಗೊಬ್ಬರ ತಂದುಕೊಡುವ ನರ್ಸರಿಯವರು ಚೀಲ ಹೊತ್ತು ಬಂದಿದ್ದರು. ನನಗೆ ಮಾತಿಲ್ಲ ಎಂದು ತಿಳಿದದ್ದೇ, ನನ್ನ ಕಿವಿಯ ಹತ್ತಿರ ಬಂದು "ಗೊಬ್ಬರ! ತಿಂಗಳಿಗೆ! ಎರಡು ಹಿಡಿ!" ಎಂದು ಕಿರುಚಿದರು.

"ಅವಳಿಗೆ ಕಿವಿ ಇದೆ ಮಾರಾಯ" ಎಂದರು ಅತ್ತೆ. "ಹತ್ತನೇದು ನೋಡಿದೆಯಾ?"

ಅವರು ಮೊಗ್ಗನ್ನು ತಿರುಗಿಸಿ ನೋಡಿದರು. "ಅಜ್ಜಿ, ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ. ಬೀಜದ ಗಿಡ ನೂರಕ್ಕೆ ತೊಂಬತ್ತು ಬೇಲಿ ಕೆಂಪೇ, ಬೇಲಿಗೆ ಹಾಕೋ ಮಾಮೂಲಿ ಕೆಂಪು."

"ಮಿಕ್ಕ ಹತ್ತು?"

"ಅದನ್ನ ಬೇರೆಯವರು ನೋಡಿದ್ದಾರೆ, ನಾನು ನೋಡಿಲ್ಲ. ಚಿನ್ನ ಬಂದ್ರೆ ಹೇಳಿ, ಒಂದು ರೆಂಬೆ ತಗೊಂಡು ಕಸಿ ಮಾಡ್ತೀನಿ. ಬೋರ್ಡಿನ ಮೇಲೆ 'ಅಜ್ಜಿಯ ದಾಸವಾಳ' ಅಂತಲೇ ಬರೆಸ್ತೀನಿ."

"ಹೂ ಬಿಟ್ಟ ದಿನ ಫೋನ್ ಮಾಡಿಸ್ತೀನಿ. ಬಂದು ನೋಡಿ, ತಲೆ ತಗ್ಗಿಸಿಕೊಂಡು ಹೋಗು."

ಅವರು ಹೋದ ಮೇಲೆ ಅತ್ತೆ 'ಅಜ್ಜಿಯ ದಾಸವಾಳ' ಎಂದು ತಮ್ಮಷ್ಟಕ್ಕೆ ಒಮ್ಮೆ ಹೇಳಿಕೊಂಡರು. ಬೋರ್ಡಿನ ಮಾತು ಅವರೊಳಗೆ ಇಳಿದಿತ್ತು. ನನ್ನೊಳಗೂ. ಐದು ಮೊಗ್ಗು ಉದುರಿಸಿದವಳು ನಾನು. ಈ ಒಂದಾದರೂ ನಿಲ್ಲಬೇಕು, ನಿಂತು ಚಿನ್ನವಾಗಬೇಕು.

ಮಾರ್ಚ್ 4

ದಿನಕ್ಕೆ ಐದು ನಿಮಿಷ ಮಾತು, ಇವತ್ತಿನಿಂದ. ಅಡುಗೆಮನೆಯ ಟೈಮರು ತಿರುಗಿಸಿ ಇಟ್ಟುಕೊಂಡು ಪ್ರಿನ್ಸಿಪಾಲರಿಗೆ ಫೋನ್ ಮಾಡಿದೆ. ನಾಲ್ಕು ಮುಕ್ಕಾಲು ನಿಮಿಷ ಅವರೇ ಮಾತಾಡಿದರು. ಆದರೂ ಟೈಮರು ಓಡಿತು.

"ನನಗೇನೂ ಉಳಿಸಿಲ್ವಾ?" ಎಂದರು ಅತ್ತೆ.

"ಮೊಗ್ಗು ಇದೆ" ಎಂದೆ. ದನಿ ಹಳೆಯ ಬಾಗಿಲಿನಂತೆ ಕಿರುಗುಟ್ಟಿತು. ಟೈಮರು ಹೊಡೆಯಿತು.

ಮಾರ್ಚ್ 7

ಇವತ್ತಿನ ಐದು ನಿಮಿಷ ಜಗಳಕ್ಕೆ ಹೋಯಿತು. ನಾನು ಒಗೆದು ಹಾಕಿದ ದಿಂಬಿನ ಚೀಲ ಹಳದಿಯಾಗಿದೆ, ಸರಿಯಾಗಿ ಒಗೆದಿಲ್ಲ ಎಂದು ಅತ್ತೆ. ಅದು ಹಾಲಿನಂತೆ ಬಿಳಿಯಾಗಿದೆ ಎಂದು ನಾನು. ಕೊನೆಗೆ ಇವರು ಕಣ್ಣಿನ ಡಾಕ್ಟರ ಮಾತು ನೆನಪಿಸಿದರು: ಹಳೆಯ ಪೊರೆ ಹಳದಿ ಗಾಜಿದ್ದ ಹಾಗಂತೆ, ಬಿಳಿಯೂ ಹಳದಿ, ಕೆಂಪೂ ಬೇರೆಯಾಗಿ ಕಾಣುತ್ತದಂತೆ. "ಬಣ್ಣದ ವಿಭಾಗದವಳಿಗೆ ಎಂಥಾ ಗತಿ ನೋಡು" ಎಂದು ಅತ್ತೆ ನಕ್ಕರು. ಜಗಳದಲ್ಲಿ ಗೆದ್ದರೂ ನನಗೆ ಖುಷಿಯಾಗಲಿಲ್ಲ.

ಮಾರ್ಚ್ 10

ಮೊಗ್ಗು ಹೆಬ್ಬೆರಳಿಗಿಂತ ಉದ್ದವಾಗಿದೆ. ತುದಿಯಲ್ಲಿ ಬಣ್ಣ ಇಣುಕುತ್ತಿದೆ, ಆದರೆ ತೀರ ಗಾಢ, ಏನೆಂದು ಹೇಳಲಾಗದು. ಬಹುಶಃ ನಾಳೆ. ಇವರು ಆಫೀಸಿಗೆ ಅರ್ಧ ದಿನ ರಜೆ ಹಾಕಿದ್ದಾರೆ. ಕಾರಣದ ಜಾಗದಲ್ಲಿ "ಕುಟುಂಬದಲ್ಲಿ ಹೆರಿಗೆ" ಎಂದು ಬರೆದರಂತೆ.

ಮಾರ್ಚ್ 11

ಆರೂಕಾಲಿಗೆ ಸುರುಳಿ ಸಡಿಲವಾಗುತ್ತಿತ್ತು. ಏಳಕ್ಕೆ ಪೂರ್ತಿ ಬಿಚ್ಚಿಕೊಂಡಿತು.

ಕೆಂಪು. ಶಾಲೆಯ ಗೇಟಿನ ಪಕ್ಕ, ಬಸ್ ನಿಲ್ದಾಣದ ಹಿಂದೆ, ದಾರಿಯಲ್ಲಿ ಯಾರೂ ತಿರುಗಿ ನೋಡದೆ ಹೋಗುವ ಅದೇ ಐದೆಸಳಿನ ಕೆಂಪು.

ಇವರು "ಅಯ್ಯೋ" ಎಂದು ಬಾಯಿಗೆ ಕೈ ಅಡ್ಡ ಹಿಡಿದರು. ಅಷ್ಟರಲ್ಲಿ ಅತ್ತೆ ಗೋಡೆ ಹಿಡಿದುಕೊಂಡು ಬಂದೇಬಿಟ್ಟರು. ಕುಂಡವನ್ನು ಎತ್ತಿ ಸ್ಟೂಲಿನ ಮೇಲಿಟ್ಟೆವು. ಎಡಗಣ್ಣನ್ನು ಹೂವಿನ ತೀರ ಹತ್ತಿರ ತಂದರು. ಹೂವಿನ ಹಿಂದಿನಿಂದ ಬಿಸಿಲು ಬೀಳುತ್ತಿತ್ತು.

"ಚಿನ್ನ" ಎಂದರು ಮೆಲ್ಲಗೆ. "ನೋಡ್ರೋ, ಅಂಚಿನಲ್ಲಿ ಹೇಗೆ ಹೊಳೀತಿದೆ."

"ಹೌದಮ್ಮ" ಎಂದರು ಇವರು. "ಅಪ್ಪಟ ಚಿನ್ನ."

"ಫೋನ್ ಮಾಡು ನರ್ಸರಿಯವನಿಗೆ!"

ಇವರು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು. "ಅವರಿಗೂ ಹೇಳಿಬಿಡ್ತೀನಿ, ಬಂದು ಚಿನ್ನ ಅಂತ ಹೇಳಿ ಹೋಗ್ಲಿ. ಪಟ್ಟಿ ಬಿಚ್ಚೋದು ನಾಡಿದ್ದು, ಹೂ ಇವತ್ತೇ ಮುಗಿಯುತ್ತೆ. ಯಾರಿಗೆ ಗೊತ್ತಾಗುತ್ತೆ? ಮುಂದಿನ ಹೂವಿನ ಹೊತ್ತಿಗೆ ಏನಾದ್ರೂ ಮಾಡೋಣ. ಕೆಂಪು ಗಿಡದ ಜಾಗದಲ್ಲಿ ಹಳದಿ ಗಿಡ ತಂದಿಡೋಣ." ಪಾಪ, ಅವರ ಕಣ್ಣು ಒದ್ದೆಯಾಗಿತ್ತು.

ನಾವು ವಾಪಸ್ಸು ಬಂದಾಗ ಅತ್ತೆ ಕಾಯುತ್ತಿದ್ದರು. "ನೀನೇನೂ ಹೇಳಲಿಲ್ಲ, ಪ್ರೊಫೆಸರಮ್ಮ. ಒಂದು ಚಪ್ಪಾಳೆನೂ ಇಲ್ಲ."

ನಾನು ಟೈಮರು ತಿರುಗಿಸುವುದನ್ನು ಮರೆತೆ.

"ಕೆಂಪು, ಅತ್ತೆ."

"ಯಾವ ಕೆಂಪು?"

"ಬೇಲಿ ಕೆಂಪು."

ಇವರು ಒಳಕೋಣೆಯ ಫ್ಯಾನನ್ನು ನೋಡುತ್ತ ನಿಂತರು.

"ನಿನ್ನ ಗಂಡ ಚಿನ್ನ ಅಂದ."

"ಅವರಿಗೆ ನೀವಂದ್ರೆ ಪ್ರೀತಿ."

"ನಿನಗಿಲ್ವಾ?"

ಈ ಪ್ರಶ್ನೆ ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಕೇಳಿದ್ದಿಲ್ಲ. "ಇದೆ" ಎಂದೆ. "ಆದ್ರೆ ಹೂ ಕೆಂಪೇ."

ಅವರು ಕೈ ಚಾಚಿ ಒಂದು ಎಸಳನ್ನು ಎರಡು ಬೆರಳ ನಡುವೆ ಹಿಡಿದರು, ಬಟ್ಟೆ ಪರೀಕ್ಷಿಸುವವರ ಹಾಗೆ. ಮೊದಲು ಭುಜ ಕುಲುಕಿತು. ಅಳುತ್ತಿದ್ದಾರೆಂದು ನಾವಿಬ್ಬರೂ ಓಡಿದೆವು. ನಗುತ್ತಿದ್ದರು. "ಎಂಟು ಬೀಜ! ಒಂದೂವರೆ ವರ್ಷ! ಬೇಲಿ ಕೆಂಪು! ಆ ಗೊಬ್ಬರದವನು ಇನ್ನು ಸಾಯೋ ತನಕ ಆಡಿಕೊಳ್ತಾನೆ." ಪಟ್ಟಿಯ ಕೆಳಗೆ ನೀರಿಳಿಯಿತು. ಅದು ನಗೆಯದ್ದೇ ಎಲ್ಲವೂ ಎಂದು ಹೇಳಲಾರೆ. "ಏನೋ, ನೀನು ಚಿನ್ನ ಅಂದ್ಯಲ್ಲ, ಅವನು ಬಂದು ನನ್ನ ಮುಂದೆ ನಿಂತು ಕೆಂಪು ಅಂದಿದ್ರೆ?"

"ಅವರಿಗೂ ಹೇಳಿಕೊಡೋಣ ಅಂತಿದ್ದೆ" ಎಂದರು ಇವರು.

"ಇವನನ್ನ ನೋಡು! ಊರಿಗೆಲ್ಲ ಬಣ್ಣ ಹಚ್ಚೋಕೆ ಹೊರಟಿದ್ದ." ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. ಈಗ ಹೊರಟದ್ದು ಅವರ ಗಿರಣಿಯ ದಿನಗಳ ದನಿ ಇರಬೇಕು, ನಾನು ಅದನ್ನು ಕೇಳಿರಲಿಲ್ಲ. "ಎಸಳು ದಪ್ಪ ಇದೆ. ಈ ಗಿಡ ಹುಳ ತಿಂದ್ರೂ ಬದುಕಿತು, ನೀನು ಸೋಪು ಕುಡಿಸಿದ್ರೂ ಬದುಕಿತು. ಬಣ್ಣ ಇಲ್ಲ, ಜೀವ ಗಟ್ಟಿ. ನನ್ನ ಹಳದೀದು ಬಣ್ಣ ಇದೆ, ಗಾಳಿ ಬೀಸಿದ್ರೆ ಮಲಗುತ್ತೆ. ಇವತ್ತು ಹಳದಿ ಅರಳಿದೆಯಾ?"

"ಎರಡು ಅರಳಿವೆ."

"ಗಂಟೆ ಎಷ್ಟು? ಬಿಸಿಲೇರಿದ್ರೆ ಪರಾಗ ಒಣಗಿ ಹೋಗುತ್ತೆ. ಸಣ್ಣ ಬ್ರಷ್ ತಾ. ಕೆಂಪಿನಿಂದ ತಗೊಂಡು ಹಳದಿಯ ತುದೀಲಿ ಐದು ಚುಕ್ಕೆ ಇರುತ್ತಲ್ಲ, ಅದಕ್ಕೆ ಮುಟ್ಟಿಸು. ತಿಕ್ಕಬೇಡ. ಪಾಠ ಮಾಡೋ ಹಾಗೆ ಅಲ್ಲ, ಮೆತ್ತಗೆ."

ಬ್ರಷ್ ತಂದು ಮುಟ್ಟಿಸಿದೆ. ಹಳದಿ ಧೂಳಿನಂಥ ಪರಾಗ ಐದು ಕೆಂಪು ಚುಕ್ಕೆಗಳ ಮೇಲೆ ಕೂತಿತು. ಆ ಹೂವಿನ ತೊಟ್ಟಿಗೆ ಗುರುತಿಗೆಂದು ನೀಲಿ ದಾರ ಕಟ್ಟಿದೆ. ಎಲ್ಲ ಮುಗಿದ ಮೇಲೆ ಗಡಿಯಾರ ನೋಡಿದರೆ ಹದಿನೇಳು ನಿಮಿಷ ಮಾತಾಡಿದ್ದೆ. ಉಳಿದ ದಿನವೆಲ್ಲ ಬಾಯಿ ಬಿಡಲಿಲ್ಲ.

ಹತ್ತು ಗಂಟೆಗೆ ನರ್ಸರಿಯವರು ಬಂದು ನೋಡಿ ಹಲ್ಲು ಕಿರಿದರು. ಅತ್ತೆ ಅವರಿಗೆ ದಾರ ತೋರಿಸಿದರು. "ನಗೋದಿದ್ರೆ ಈಗಲೇ ನಕ್ಕು ಮುಗಿಸು. ಇದು ಅರಳಿದಾಗ ಮತ್ತೆ ಬಾ."

"ಆಗ ನಿಮಗೆ ಎಂಬತ್ತಾಗಿರುತ್ತೆ, ಅಜ್ಜಿ."

"ನಿನಗೂ ವಯಸ್ಸಾಗುತ್ತಪ್ಪ, ನೀನೊಬ್ಬನೇ ಇಲ್ಲೇ ನಿಂತಿರ್ತೀಯಾ?"

ಮಾರ್ಚ್ 14

ನಿನ್ನೆ ಅತ್ತೆಯ ಪಟ್ಟಿ ಬಿಚ್ಚಿದರು. ಹೊಸ ಕಣ್ಣಿನಿಂದ ಮೊದಲು ನನ್ನನ್ನೇ ನೋಡಿ, "ಅಯ್ಯೋ, ನಿನಗೆ ಇಷ್ಟೊಂದು ನರೆ ಯಾವಾಗ ಬಂತೇ?" ಎಂದರು. ಮನೆಗೆ ಬಂದವರೇ ನೆಟ್ಟಗೆ ಬಾಲ್ಕನಿಗೆ ಹೋಗಿ ಎಲ್ಲ ಎಲೆಗಳನ್ನೂ ಮಗುಚಿ ನೋಡಿದರು. ಎರಡು ಕಡೆ ನಾನು ತಿಗಣೆ ಬಿಟ್ಟಿದ್ದೇನಂತೆ. ನೀಲಿ ದಾರದ ಹೂವು ಬಿದ್ದಿದೆ, ಆದರೆ ತೊಟ್ಟು ಬಿದ್ದಿಲ್ಲ. ಬುಡದಲ್ಲಿ ಹಸಿರು ಕಾಯಿ, ಗುಂಡುಸೂಜಿಯ ತಲೆಯಷ್ಟು. ಬೀಜ ಬಲಿಯಲು ಎರಡು ತಿಂಗಳು ಬೇಕು.

ಇವತ್ತು ಗಂಟಲಿನ ಡಾಕ್ಟರು ಗಂಟು ಕರಗುತ್ತಿದೆ ಎಂದರು. ಸೋಮವಾರದಿಂದ ಕಾಲೇಜಿಗೆ ಹೋಗಬಹುದು, ಮೈಕ್ ಹಿಡಿದು. ಪ್ರಿನ್ಸಿಪಾಲರಿಗೆ ಫೋನ್ ಮಾಡಿ, ಎಂಟು ಗಂಟೆಯ ಕವಿತೆಯ ತರಗತಿಯನ್ನು ಆ ಹುಡುಗಿಯೇ ಮುಂದುವರಿಸಲಿ, ನನಗೆ ಹನ್ನೊಂದರ ಮೇಲೆ ಏನಾದರೂ ಕೊಡಿ ಎಂದೆ.

"ಆ ತರಗತಿಗೋಸ್ಕರ ನನ್ನ ಹತ್ತಿರ ಜಗಳ ಆಡಿದ್ರಲ್ಲ ಮೇಡಂ?" ಎಂದರು ಅವರು. "ಆರೋಗ್ಯ ಸರಿ ಇದೆ ತಾನೇ?"

"ಚೆನ್ನಾಗಿದೆ. ಬೆಳಗಿನ ಹೊತ್ತು ಮನೆಯಲ್ಲಿ ಕೆಲಸ ಇರುತ್ತೆ."

"ಸರಿ, ಎಷ್ಟು ದಿನದ ಮಟ್ಟಿಗೆ ಅಂತ ಬರೆದುಕೊಳ್ಳಲಿ?"

ಬಾಲ್ಕನಿಯ ಕಡೆ ಒಮ್ಮೆ ನೋಡಿ, "ಸದ್ಯಕ್ಕೆ ಒಂದೂವರೆ ವರ್ಷ" ಎಂದೆ.